ರಮಣ ಮಹರ್ಷಿ

ಶ್ರೀ ರಮಣ ಮಹರ್ಷಿ (ಡಿಸೆಂಬರ್ 30, 1879 – ಏಪ್ರಿಲ್ 14, 1950) ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೆಲೆಸಿದ್ದ ಜ್ಞಾನಿ. ‘ನಾನು ಯಾರು’ ಎಂಬ ಆತ್ಮವಿಚಾರವನ್ನು ಮುಕ್ತಿಗೆ ನೇರವಾದ ಮಾರ್ಗವೆಂದು ಬೋಧಿಸಿದವರು. ಧ್ಯಾನದಲ್ಲಿ ಮನಸ್ಸು ನಿಲ್ಲದವರಿಗೆ ಪ್ರಾಣಾಯಾಮವು ಎಷ್ಟರ ಮಟ್ಟಿಗೆ ನೆರವಾಗುತ್ತದೆ, ಎಲ್ಲಿಗೆ ಅದರ ಮಿತಿ ಮುಗಿಯುತ್ತದೆ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ವಿಂಗಡಿಸಿ ಹೇಳಿದ ಆಧುನಿಕರು ವಿರಳ.

ಬಾಲ್ಯ ಮತ್ತು ಮರಣಾನುಭವ

ಅವರ ಪೂರ್ವಾಶ್ರಮದ ಹೆಸರು ವೆಂಕಟರಾಮನ್. ತಂದೆ ಸುಂದರಂ ಅಯ್ಯರ್, ತಾಯಿ ಅಳಗಮ್ಮಾಳ್. ಜನಿಸಿದ್ದು ಮಧುರೈಗೆ ಸಮೀಪದ ತಿರುಚ್ಚುಳಿಯಲ್ಲಿ. 1892ರಲ್ಲಿ ತಂದೆ ತೀರಿಕೊಂಡ ನಂತರ ಬಾಲಕನು ಮಧುರೈಯಲ್ಲಿದ್ದ ಚಿಕ್ಕಪ್ಪನ ಮನೆ ಸೇರಿ, ಅಲ್ಲಿನ ಅಮೆರಿಕನ್ ಮಿಷನ್ ಪ್ರೌಢಶಾಲೆಯಲ್ಲಿ ವಿದ್ಯಾಭ್ಯಾಸ ಮುಂದುವರಿಸಿದನು. ಓದಿಗಿಂತ ಆಟದಲ್ಲಿ ಆಸಕ್ತಿ ಹೆಚ್ಚು. ಯೋಗಶಾಸ್ತ್ರದ ಪರಿಚಯವಾಗಲಿ, ಗುರೂಪದೇಶವಾಗಲಿ ಇರಲಿಲ್ಲ.

1896ರ ಜುಲೈ ತಿಂಗಳಲ್ಲಿ, ಹದಿನಾರರ ಹರೆಯದ ಆ ಹುಡುಗನಿಗೆ ಯಾವ ಕಾಯಿಲೆಯೂ ಇಲ್ಲದೆ ಇದ್ದಕ್ಕಿದ್ದಂತೆ ಸಾವಿನ ಭಯ ಆವರಿಸಿತು. ವೈದ್ಯರನ್ನಾಗಲಿ ಮನೆಯವರನ್ನಾಗಲಿ ಕರೆಯದೆ ಆತ ಶವದಂತೆ ಕೈಕಾಲು ಚಾಚಿ ಮಲಗಿ, ತುಟಿಗಳನ್ನು ಬಿಗಿಹಿಡಿದು, ಉಸಿರನ್ನು ತಡೆದು, ಈ ದೇಹವು ಸತ್ತರೆ ಸಾಯುವವರು ಯಾರು ಎಂದು ತನ್ನೊಳಗೇ ಶೋಧಿಸಿದನು. ದೇಹದ ಅಳಿವಿಗೆ ಒಳಗಾಗದ ‘ನಾನು’ ಒಂದಿದೆ ಎಂಬ ಅರಿವು ಆ ಕೆಲವೇ ನಿಮಿಷಗಳಲ್ಲಿ ನೆಲೆಗೊಂಡು, ಮತ್ತೆಂದೂ ಕದಲಲಿಲ್ಲ. ಇಲ್ಲಿ ಉಸಿರನ್ನು ತಡೆದದ್ದು ಸಾಧನೆಗಾಗಿ ಅಲ್ಲ, ಸಾವಿನ ಅಭಿನಯಕ್ಕಾಗಿ. ಕೆಲಸ ಮಾಡಿದ್ದು ವಿಚಾರವೇ. ಅವರ ಮುಂದಿನ ಉಪದೇಶವೂ ಇದೇ ಕ್ರಮವನ್ನು ಅನುಸರಿಸಿತು.

ಅರುಣಾಚಲದಲ್ಲಿ

ಅದೇ ವರ್ಷ ಆಗಸ್ಟ್ 29ರಂದು ಮನೆ ಬಿಟ್ಟ ಅವರು ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ತಲುಪಿದರು. ಅರುಣಾಚಲೇಶ್ವರ ದೇವಾಲಯದ ಸಾವಿರ ಕಂಬಗಳ ಮಂಟಪ, ಅದರ ಕೆಳಗಿನ ಪಾತಾಳಲಿಂಗ ಗುಹೆ, ಗುರುಮೂರ್ತಂ ಮುಂತಾದೆಡೆ ದೇಹಭಾನವಿಲ್ಲದೆ ಕುಳಿತಿದ್ದು, 1899ರಿಂದ ಬೆಟ್ಟದ ಮೇಲಿನ ವಿರೂಪಾಕ್ಷ ಗುಹೆಯಲ್ಲಿ ನೆಲೆಸಿದರು. 1907ರಲ್ಲಿ ಕಾವ್ಯಕಂಠ ಗಣಪತಿ ಮುನಿಗಳು ಅವರ ಬಳಿಗೆ ಬಂದು ಉಪದೇಶ ಪಡೆದು, ಅವರಿಗೆ ಭಗವಾನ್ ಶ್ರೀ ರಮಣ ಮಹರ್ಷಿ ಎಂದು ಹೆಸರಿಟ್ಟರು. 1916ರ ವೇಳೆಗೆ ವಾಸವು ಸ್ಕಂದಾಶ್ರಮಕ್ಕೆ ಬದಲಾಯಿತು. 1922ರಲ್ಲಿ ತಾಯಿ ನಿಧನರಾದ ಮೇಲೆ ಬೆಟ್ಟದ ಬುಡದಲ್ಲಿದ್ದ ಅವರ ಸಮಾಧಿಯ ಸುತ್ತ ಇಂದಿನ ರಮಣಾಶ್ರಮ ಬೆಳೆಯಿತು.

ಪ್ರಾಣಾಯಾಮ ಮತ್ತು ಆತ್ಮವಿಚಾರ

ಮಹರ್ಷಿಗಳು ಮೌನದಲ್ಲಿದ್ದ ಆರಂಭದ ವರ್ಷಗಳಲ್ಲಿ ಇಬ್ಬರು ಸರ್ಕಾರಿ ನೌಕರರು ಪ್ರಶ್ನೆಗಳನ್ನು ಹಿಡಿದು ಬಂದರು. ಗಂಭೀರಂ ಶೇಷಯ್ಯರ್ ರಾಜಯೋಗದ ಅಭ್ಯಾಸಿ. ಅವರಿಗೆ ಚೀಟಿಗಳಲ್ಲಿ ಬರೆದುಕೊಟ್ಟ ಉತ್ತರಗಳು ‘ವಿಚಾರಸಂಗ್ರಹ’ವಾದವು. ಶಿವಪ್ರಕಾಶಂ ಪಿಳ್ಳೈ ಅವರಿಗೆ 1902ರ ಸುಮಾರಿಗೆ ದೊರೆತ ಉತ್ತರಗಳು ‘ನಾನು ಯಾರು’ ಎಂಬ ಕಿರುಗ್ರಂಥವಾದವು. ಮೊದಲನೆಯದರಲ್ಲಿ ಅಷ್ಟಾಂಗಯೋಗದ ವಿವರಣೆ ವಿಸ್ತಾರವಾಗಿರುವುದಕ್ಕೆ ಪ್ರಶ್ನೆ ಕೇಳಿದವರ ಒಲವೇ ಮುಖ್ಯ ಕಾರಣ. ಅದನ್ನು ಗಮನಿಸದೆ ಓದಿದರೆ ಮಹರ್ಷಿಗಳು ಯೋಗಮಾರ್ಗವನ್ನೇ ವಿಧಿಸಿದರೆಂಬ ತಪ್ಪು ಅಭಿಪ್ರಾಯ ಮೂಡುವುದುಂಟು.

ಅವರ ಪ್ರಕಾರ ಮನಸ್ಸು ಮತ್ತು ಪ್ರಾಣ ಒಂದೇ ಮೂಲದಿಂದ ಹುಟ್ಟುತ್ತವೆ. ಪ್ರಾಣವು ಮನಸ್ಸಿನ ಸ್ಥೂಲರೂಪ. ಆದುದರಿಂದ ಒಂದು ಅಡಗಿದರೆ ಇನ್ನೊಂದೂ ಅಡಗುತ್ತದೆ. ಹಾಗಾದರೆ ಗಾಢನಿದ್ರೆಯಲ್ಲಿ ಮನಸ್ಸು ಅಡಗಿದರೂ ಉಸಿರಾಟ ನಿಲ್ಲುವುದಿಲ್ಲವೇಕೆ ಎಂಬ ಸಂದೇಹ ಸಹಜ. ದೇಹವನ್ನು ಸಂರಕ್ಷಿಸಲು, ಮಲಗಿದವನನ್ನು ಇತರರು ಸತ್ತವನೆಂದು ಭಾವಿಸದಿರಲು ಈಶ್ವರನ ನಿಯಮದಿಂದ ಹಾಗೆ ಏರ್ಪಟ್ಟಿದೆ ಎಂಬುದು ಅವರ ಸಮಾಧಾನ. ಉಸಿರನ್ನು ನಿಗ್ರಹಿಸಿದಾಗ ಮನಸ್ಸು ಬಲೆಗೆ ಬಿದ್ದ ಹಕ್ಕಿಯಂತೆ ನಿಲ್ಲುತ್ತದೆಂಬ ಹೋಲಿಕೆಯನ್ನು ಅವರು ಮೂವತ್ತು ಪದ್ಯಗಳ ‘ಉಪದೇಶಸಾರ’ದಲ್ಲಿ ಬಳಸಿದ್ದಾರೆ.

ಆದರೆ ನಿಲ್ಲುವುದು ಬೇರೆ, ನಾಶವಾಗುವುದು ಬೇರೆ. ಈ ಭೇದವೇ ಅವರ ಬೋಧನೆಯ ತಿರುಳು. ಪ್ರಾಣಾಯಾಮದಿಂದ ಆಗುವುದು ಮನೋಲಯ ಮಾತ್ರ. ಉಸಿರು ಮತ್ತೆ ಚಲಿಸಿದೊಡನೆ ವಾಸನೆಗಳ ಬೆನ್ನು ಹಿಡಿದು ಮನಸ್ಸೂ ಹೊರಗೆ ಓಡುತ್ತದೆ. ಇದನ್ನು ಮನಗಾಣಿಸಲು ಅವರು ಗಂಗಾತೀರದ ಯೋಗಿಯೊಬ್ಬನ ಕಥೆ ಹೇಳುತ್ತಿದ್ದರು. ಬಾಯಾರಿಕೆಯಾಗಿ ಶಿಷ್ಯನಿಗೆ ನೀರು ತರಲು ಹೇಳಿದ ಯೋಗಿ, ಅವನು ಮರಳುವಷ್ಟರಲ್ಲಿ ಲಯಕ್ಕೆ ಜಾರಿ ನೂರಾರು ವರ್ಷ ಹಾಗೆಯೇ ಕುಳಿತನು. ಎಚ್ಚೆತ್ತಾಗ ಶಿಷ್ಯನೂ ಇರಲಿಲ್ಲ, ಕಾಲವೂ ಬದಲಾಗಿತ್ತು. ಆದರೂ ಅವನ ಬಾಯಿಂದ ಮೊದಲು ಹೊರಟದ್ದು ನೀರೆಲ್ಲಿ ಎಂಬ ಕೇಳಿಕೆಯೇ. ಅಷ್ಟು ದೀರ್ಘ ಸಮಾಧಿಯೂ ಒಂದು ಸಣ್ಣ ಬಯಕೆಯನ್ನು ಸುಡಲಾರದೆ ಹೋಯಿತು.

ಹಾಗೆಂದು ಅವರು ಪ್ರಾಣಾಯಾಮವನ್ನು ನಿರಾಕರಿಸಲಿಲ್ಲ. ನೇರವಾಗಿ ವಿಚಾರಕ್ಕೆ ಇಳಿಯಲಾರದವರಿಗೆ ಅದು ಜಪ, ಮೂರ್ತಿಧ್ಯಾನಗಳಂತೆಯೇ ಸಹಾಯಕ. ಉಸಿರು ಶಾಂತವಾಗಿ ಮನಸ್ಸು ಅಡಗಿದ ಹೊತ್ತಿನಲ್ಲಿ ಆ ಸುಖದಲ್ಲಿ ಮೈಮರೆಯದೆ, ಅದನ್ನು ಅನುಭವಿಸುವವನು ಯಾರೆಂದು ಕೇಳಿಕೊಳ್ಳಬೇಕು. ತಕ್ಕ ಮಾರ್ಗದರ್ಶಕನಿಲ್ಲದೆ ಬಲವಂತದ ಕುಂಭಕ ಮಾಡುವುದಕ್ಕಿಂತ, ಉಸಿರು ಬಂದು ಹೋಗುವುದನ್ನು ಸುಮ್ಮನೆ ಗಮನಿಸುವುದು ಸುಲಭ ಹಾಗೂ ಅಪಾಯರಹಿತ ಎಂದೂ ಅವರು ತಿಳಿಸಿದ್ದರು. ಜ್ಞಾನದೃಷ್ಟಿಯಿಂದ ದೇಹವೇ ನಾನೆಂಬ ಭಾವವನ್ನು ಹೊರಹಾಕುವುದು ರೇಚಕ, ನಾನು ಯಾರೆಂದು ಒಳಗೆ ಅರಸುವುದು ಪೂರಕ, ಅದೇ ನಾನಾಗಿ ನೆಲೆನಿಲ್ಲುವುದು ಕುಂಭಕ ಎಂದು ಅರ್ಥೈಸಿದರು.

1913 ಮತ್ತು 1917ರ ಸಂಭಾಷಣೆಗಳನ್ನು ಗಣಪತಿ ಮುನಿಗಳು ಸಂಸ್ಕೃತ ಶ್ಲೋಕಗಳಲ್ಲಿ ‘ರಮಣಗೀತಾ’ ಎಂದು ನಿರೂಪಿಸಿದರು. ಹದಿನೆಂಟು ಅಧ್ಯಾಯಗಳ ಈ ಕೃತಿಯ ಆರನೆಯ ಅಧ್ಯಾಯದ ವಿಷಯ ಮನೋನಿಗ್ರಹ. ಮೂರನೆಯ ಅಧ್ಯಾಯದಲ್ಲಿ ಪ್ರಶ್ನೆ ಕೇಳುವವರು ಕರ್ನಾಟಕದ ಗೋಕರ್ಣದ ದೈವರಾತರು.

ಕೊನೆಯ ವರ್ಷಗಳು

1934ರಲ್ಲಿ ಪ್ರಕಟವಾದ ಪಾಲ್ ಬ್ರಂಟನ್ ಅವರ ಪುಸ್ತಕದಿಂದ ಮಹರ್ಷಿಗಳ ಹೆಸರು ಪಾಶ್ಚಾತ್ಯರಲ್ಲಿ ಹಬ್ಬಿತು. 1948ರ ಕೊನೆಯ ಭಾಗದಲ್ಲಿ ಎಡತೋಳಿನಲ್ಲಿ ಕಾಣಿಸಿಕೊಂಡ ಗೆಡ್ಡೆ, ಹಲವು ಶಸ್ತ್ರಚಿಕಿತ್ಸೆಗಳ ನಂತರವೂ ಮರುಕಳಿಸಿತು. ತೀವ್ರ ಬಾಧೆಯ ನಡುವೆಯೂ ಅವರು ದರ್ಶನ ನೀಡುವುದನ್ನು ನಿಲ್ಲಿಸಲಿಲ್ಲ. 1950ರ ಏಪ್ರಿಲ್ 14ರ ಸಂಜೆ ಉಸಿರಾಟ ಕಷ್ಟವಾದಾಗ ಆಮ್ಲಜನಕ ನೀಡಲು ಮುಂದಾದ ವೈದ್ಯರನ್ನು ಕೈಸನ್ನೆಯಿಂದ ತಡೆದರು. ಹೊರಗೆ ಭಕ್ತರು ಅರುಣಾಚಲ ಸ್ತುತಿಯನ್ನು ಹಾಡುತ್ತಿದ್ದಂತೆ ರಾತ್ರಿ 8 ಗಂಟೆ 47 ನಿಮಿಷಕ್ಕೆ ಉಸಿರು ನಿಂತಿತು. ಅವರ ಸಮಾಧಿಯು ಆಶ್ರಮದಲ್ಲಿ, ತಾಯಿಯ ಸಮಾಧಿಯ ಮೇಲೆ ಕಟ್ಟಿದ ಮಾತೃಭೂತೇಶ್ವರ ದೇವಾಲಯದ ಪಕ್ಕದಲ್ಲಿದೆ.