ವೆಗೆನರ್ ಪಾಠವನ್ನು ಎರಡು ಸಲ ಮಾಡಿದ್ದು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ತುಮಕೂರಿನ ಅಂಚಿನಲ್ಲಿರುವ ಸತ್ಯಮಂಗಲದ ಒಂದು ಪ್ರೌಢಶಾಲೆ. ಎಂಟನೇ ತರಗತಿ, ಸಮಾಜ ವಿಜ್ಞಾನ. ಶಿಲಾಗೋಳದ ಪಾಠಕ್ಕೆ ಪೂರಕವಾಗಿ ಭೂಖಂಡಗಳ ಅಲೆತ ಸಿದ್ಧಾಂತವನ್ನು ಆರಿಸಿಕೊಂಡೆ. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಪೀಠಿಕೆಗೆ ಪ್ರಪಂಚದ ಭೂಪಟ, ನಿರೂಪಣೆಗೆ ನಾಲ್ಕು ಆಧಾರಗಳು, ಕಪ್ಪುಹಲಗೆಯ ಮೇಲೆ ಅವುಗಳ ಪಟ್ಟಿ, ಕೊನೆಗೆ ಐದು ಮೌಲ್ಯಮಾಪನ ಪ್ರಶ್ನೆಗಳು. ಮಕ್ಕಳು ಐದಕ್ಕೂ ಸರಿಯಾಗಿ ಉತ್ತರಿಸಿದರು.

ಗಂಟೆ ಹೊಡೆಯಲು ಮೂರು ನಿಮಿಷ ಇರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ವೆಗೆನರ್ ಹೇಳಿದ್ದು ಸರಿಯಾಗಿದ್ದರೆ ಆಗಿನ ವಿಜ್ಞಾನಿಗಳು ಯಾಕೆ ಒಪ್ಪಲಿಲ್ಲ ಎಂದು ಕೇಳಿದ. ಅವರಿಗೆ ಹೊಟ್ಟೆಕಿಚ್ಚು, ಹೊಸದನ್ನು ಒಪ್ಪುವ ಮನಸ್ಸಿರಲಿಲ್ಲ ಎಂದು ಹೇಳಿ ಪಾಠ ಮುಗಿಸಿದೆ. ಮಕ್ಕಳಿಗೆ ಈ ಉತ್ತರ ಇಷ್ಟವಾಯಿತು. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರಿಗೆ ಇಷ್ಟವಾಗಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಪೀಠಿಕೆಗೂ ಕಪ್ಪುಹಲಗೆ ಕೆಲಸಕ್ಕೂ ಒಳ್ಳೆಯ ಮಾತು ಬರೆದು, ಕೊನೆಯ ಉತ್ತರಕ್ಕೆ ಆಧಾರವೇನು ಎಂದು ಒಂದೇ ಸಾಲಿನಲ್ಲಿ ಕೇಳಿದ್ದರು.

ನನ್ನ ಬಳಿ ಆಧಾರವಿರಲಿಲ್ಲ. ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿದ್ದೆ ಅಷ್ಟೆ. ನಾಲ್ಕು ದಿನ ಗ್ರಂಥಾಲಯದಲ್ಲಿ ಕುಳಿತು ವೆಗೆನರ್ ಅವರ ಬದುಕನ್ನು ಓದಿದೆ. ಮುಂದಿನ ವಾರ ಮುಖ್ಯ ಶಿಕ್ಷಕರ ಅನುಮತಿ ಪಡೆದು ಅದೇ ತರಗತಿಗೆ ಅದೇ ಪಾಠವನ್ನು ಮತ್ತೆ ಮಾಡಿದೆ. ಆ ದಿನ ಹೇಳಿದ ಜೀವನಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಲ್ಫ್ರೆಡ್ ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ. ತಂದೆ ಪಾದ್ರಿ, ಪ್ರಾಚೀನ ಭಾಷೆಗಳನ್ನು ಕಲಿಸುತ್ತಿದ್ದ ಶಿಕ್ಷಕರೂ ಹೌದು. ಐವರು ಮಕ್ಕಳಲ್ಲಿ ಆಲ್ಫ್ರೆಡ್ ಕೊನೆಯವರು. 1905ರಲ್ಲಿ ಡಾಕ್ಟರೇಟ್ ಪಡೆದದ್ದು ಖಗೋಳ ವಿಜ್ಞಾನದಲ್ಲಿ, ಆದರೆ ಮನಸ್ಸು ಒಲಿದದ್ದು ಹವಾಮಾನ ವಿಜ್ಞಾನಕ್ಕೆ. ಆಗ ಮೇಲಿನ ಗಾಳಿಯ ಉಷ್ಣತೆ, ಒತ್ತಡಗಳನ್ನು ಅಳೆಯಲು ಗಾಳಿಪಟ ಮತ್ತು ಬಲೂನುಗಳಿಗೆ ಉಪಕರಣ ಕಟ್ಟಿ ಹಾರಿಸುತ್ತಿದ್ದರು. 1906ರ ಏಪ್ರಿಲಿನಲ್ಲಿ ಆಲ್ಫ್ರೆಡ್ ಮತ್ತು ಅಣ್ಣ ಕುರ್ಟ್ ಬಲೂನಿನಲ್ಲಿ 52 ಗಂಟೆಗೂ ಹೆಚ್ಚು ಕಾಲ ಇಳಿಯದೆ ಹಾರಿ ದಾಖಲೆ ಮಾಡಿದರು. ಭೂವಿಜ್ಞಾನ ಅವರು ಓದಿದ ವಿಷಯವೇ ಅಲ್ಲ. ಮುಂದಿನ ಕಥೆಗೆ ಇದು ಮುಖ್ಯ.

ಅದೇ ವರ್ಷ ಡೆನ್ಮಾರ್ಕಿನ ತಂಡವೊಂದರ ಜೊತೆ ಈಶಾನ್ಯ ಗ್ರೀನ್‌ಲ್ಯಾಂಡಿಗೆ ಹೋದರು. ಗ್ರೀನ್‌ಲ್ಯಾಂಡಿನ ಬಹುಪಾಲು ನೆಲ ಕಿಲೋಮೀಟರುಗಟ್ಟಲೆ ದಪ್ಪದ ಹಿಮಹಾಸಿನ ಕೆಳಗಿದೆ. ಅಲ್ಲಿ ಹವಾಮಾನ ಕೇಂದ್ರ ಸ್ಥಾಪಿಸಿ, ಧ್ರುವಪ್ರದೇಶದ ಕತ್ತಲೆಯ ಚಳಿಗಾಲದಲ್ಲಿ ಗಾಳಿಪಟ, ಬಲೂನು ಹಾರಿಸಿ ಅಳತೆ ಮಾಡಿದರು. ಆ ಯಾತ್ರೆಯಲ್ಲಿ ತಂಡದ ನಾಯಕ ಮಿಲಿಯಸ್ ಎರಿಕ್ಸನ್ ಮತ್ತು ಇಬ್ಬರು ಸಂಗಡಿಗರು ಹಸಿವು, ಚಳಿಗೆ ಸತ್ತರು. ಹಿಮದ ನಾಡು ಏನು ಕೇಳುತ್ತದೆಂದು ವೆಗೆನರ್ ಅವರಿಗೆ 27ನೇ ವಯಸ್ಸಿಗೇ ತಿಳಿದಿತ್ತು.

1908ರಲ್ಲಿ ಹಿಂತಿರುಗಿ ಮಾರ್ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡತೊಡಗಿದರು. ಕಷ್ಟದ ವಿಷಯವನ್ನು ಸುಲಭ ಮಾಡಿ ಹೇಳುವ ಉಪನ್ಯಾಸಕರೆಂದು ಹೆಸರಾದರು. 1910ರ ಕೊನೆಯಲ್ಲಿ ಗೆಳೆಯರೊಬ್ಬರ ಹೊಸ ಅಟ್ಲಾಸ್ ನೋಡುತ್ತಿದ್ದಾಗ ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಅಂಚುಗಳು ಹೊಂದುವುದು ಅವರನ್ನು ಕಾಡಿತು. ಅದನ್ನು ಮೊದಲು ಕಂಡವರು ಅವರೇನೂ ಅಲ್ಲ. ಆದರೆ ಮರುವರ್ಷ, ಸಾಗರದ ಎರಡೂ ದಡಗಳಲ್ಲಿ ಒಂದೇ ಬಗೆಯ ಪಳೆಯುಳಿಕೆ ಸಿಗುತ್ತದೆಂಬ ವರದಿ ಓದಿದ ಮೇಲೆ ಅವರು ಆ ಯೋಚನೆಯನ್ನು ಬಿಡಲಿಲ್ಲ. 1912ರ ಜನವರಿ 6ರಂದು ಫ್ರಾಂಕ್‌ಫರ್ಟಿನಲ್ಲಿ ಭೂವಿಜ್ಞಾನಿಗಳ ಸಭೆಯ ಮುಂದೆ ಖಂಡಗಳು ಚಲಿಸುತ್ತವೆ ಎಂಬ ವಾದವನ್ನು ಮಂಡಿಸಿದರು.

ಈ ಹಂತದಲ್ಲಿ ನಾನು ಒಂದು ದಿನಪತ್ರಿಕೆಯ ಹಾಳೆಯನ್ನು ಮಕ್ಕಳ ಎದುರು ನಾಲ್ಕು ತುಂಡು ಮಾಡಿ ನಾಲ್ಕು ಗುಂಪಿಗೆ ಕೊಟ್ಟೆ. ಅಂಚು ಕೂಡಿದರೆ ಸಾಲದು, ಮುದ್ರಿತ ಸಾಲುಗಳೂ ಒಂದರಿಂದ ಇನ್ನೊಂದಕ್ಕೆ ಸಾಗಬೇಕು ಎಂದೆ. ಈ ಹೋಲಿಕೆ ವೆಗೆನರ್ ಅವರದ್ದೇ. ಖಂಡಗಳ ಅಂಚು ಹರಿದ ಕಾಗದದ ಅಂಚಾದರೆ, ಪರ್ವತಸಾಲು, ಶಿಲೆ, ಪಳೆಯುಳಿಕೆಗಳು ಅದರ ಮೇಲಿನ ಅಕ್ಷರದ ಸಾಲುಗಳು. ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆ ಭಾರತ, ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಸಿಗುತ್ತದೆ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಸತ್ತ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು ಕೊನೆಯವರೆಗೂ ಎಳೆದು ತಂದ ಸುಮಾರು 16 ಕಿಲೋ ಕಲ್ಲುಗಳಲ್ಲೂ ಅದೇ ಎಲೆಯ ಗುರುತಿತ್ತು. ಅಂದರೆ ಅಂಟಾರ್ಕ್ಟಿಕದಲ್ಲೂ ಆ ಗಿಡ ಬೆಳೆದಿತ್ತು. ಇತ್ತ ಸೆಕೆಯ ಒಡಿಶಾದ ತಾಲ್ಚೇರಿನಲ್ಲಿ ಹಿಮನದಿ ಬಿಟ್ಟುಹೋದ ಬಂಡೆಗಳಿವೆ. ಒಂದು ಕಾಲದಲ್ಲಿ ಭಾರತವೂ ದಕ್ಷಿಣದಲ್ಲಿ, ಅಂಟಾರ್ಕ್ಟಿಕದ ಮಗ್ಗುಲಲ್ಲಿ ಇತ್ತು ಎಂದರೆ ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ಭಾಷಣ ಮಾಡಿದ ವರ್ಷವೇ ವೆಗೆನರ್ ಮತ್ತೆ ಗ್ರೀನ್‌ಲ್ಯಾಂಡಿಗೆ ಹೊರಟರು. ಜೊತೆಗೆ ಡೆನ್ಮಾರ್ಕಿನ ಕೋಖ್, ಇನ್ನಿಬ್ಬರು, ಮತ್ತು ಐಸ್‌ಲ್ಯಾಂಡಿನ ಪುಟ್ಟ ಕುದುರೆಗಳು. ಹಿಮಹಾಸಿನ ಮೇಲೇ ಚಳಿಗಾಲ ಕಳೆದ ಮೊದಲ ತಂಡ ಅದು. ಕೋಖ್ ಹಿಮದ ಬಿರುಕಿನಲ್ಲಿ ಬಿದ್ದು ಕಾಲು ಮುರಿದುಕೊಂಡರು. 1913ರ ಬೇಸಿಗೆಯಲ್ಲಿ ಸುಮಾರು 1,200 ಕಿಲೋಮೀಟರ್ ಹಿಮವನ್ನು ದಾಟಿ ಪಶ್ಚಿಮ ಕರಾವಳಿ ಮುಟ್ಟುವ ಹೊತ್ತಿಗೆ ಕುದುರೆಗಳೆಲ್ಲ ಹೋಗಿದ್ದವು, ಆಹಾರ ಮುಗಿದಿತ್ತು. ಜೊತೆಯಲ್ಲಿ ಬಂದ ನಾಯಿಯನ್ನೇ ತಿನ್ನಬೇಕಾಯಿತು. ಅಷ್ಟರಲ್ಲಿ ಸ್ಥಳೀಯ ಪಾದ್ರಿಯೊಬ್ಬರ ದೋಣಿ ಕಂಡು ನಾಲ್ವರೂ ಉಳಿದರು.

ಆ ವರ್ಷವೇ ಎಲ್ಸೆ ಅವರೊಡನೆ ಮದುವೆಯಾಯಿತು. ಎಲ್ಸೆ ಅವರ ತಂದೆ ವ್ಲಾದಿಮಿರ್ ಕೋಪೆನ್. ವಾಯುಗುಣದ ವಿಭಾಗಗಳನ್ನು ಓದುವಾಗ ಬರುವ ಕೋಪೆನ್ ಇವರೇ. ಮರುವರ್ಷ ಮೊದಲ ಮಹಾಯುದ್ಧ. ವೆಗೆನರ್ ಎರಡು ಸಲ ಗಾಯಗೊಂಡರು. ಗಾಯ ಮಾಯುವ ರಜೆಯಲ್ಲಿ ಬರೆದು, 1915ರಲ್ಲಿ ಖಂಡಗಳ ಮತ್ತು ಸಾಗರಗಳ ಉಗಮದ ಬಗ್ಗೆ ನೂರು ಪುಟ ಮುಟ್ಟದ ಪುಸ್ತಕ ಪ್ರಕಟಿಸಿದರು. 1929ರವರೆಗೆ ಅದನ್ನು ಮೂರು ಸಲ ತಿದ್ದಿ ಬೆಳೆಸಿದರು.

ಈಗ ಹುಡುಗನ ಪ್ರಶ್ನೆಗೆ ಬಂದೆ. ಯಾಕೆ ಒಪ್ಪಲಿಲ್ಲ? ಹೊರಗಿನವರು ನಮ್ಮ ವಿಷಯದಲ್ಲಿ ಕೈಹಾಕಿದರು ಎಂಬ ಅಸಮಾಧಾನ ಕೆಲವರಲ್ಲಿ ಇದ್ದದ್ದು ನಿಜ. ಆದರೆ ವಿರೋಧವೆಲ್ಲ ಅದಲ್ಲ. ಒಂದು ಇಡೀ ಖಂಡವನ್ನು ತಳ್ಳುವ ಬಲ ಯಾವುದು ಎಂದು ಅವರು ಕೇಳಿದರು. ಭೂಮಿಯ ತಿರುಗುವಿಕೆ ಮತ್ತು ಚಂದ್ರ, ಸೂರ್ಯರ ಸೆಳೆತ ಎಂದು ವೆಗೆನರ್ ಹೇಳಿದರು. ಆ ಬಲಗಳು ಈ ಕೆಲಸಕ್ಕೆ ಏನೇನೂ ಸಾಲವು ಎಂದು ಕೇಂಬ್ರಿಜ್‌ನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕ ಸರಿಯಾಗಿತ್ತು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹತ್ತು ಮೀಟರಿಗೂ ಹೆಚ್ಚು ಸರಿಯುತ್ತಿದೆ ಎಂದು ವೆಗೆನರ್ ನಂಬಿದ್ದರು. ನಿಜವಾದ ವೇಗ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಇನ್ನೊಂದು ಕಡೆ, ಪಳೆಯುಳಿಕೆಗಳ ಹೋಲಿಕೆಗೆ ವಿರೋಧಿಗಳು ಕೊಟ್ಟ ಕಾರಣ ಗಟ್ಟಿಯಾಗಿರಲಿಲ್ಲ. ಖಂಡಗಳ ನಡುವೆ ಭೂಸೇತುವೆಗಳಿದ್ದು ಆಮೇಲೆ ಮುಳುಗಿದವು ಎನ್ನುತ್ತಿದ್ದರು. ಖಂಡದ ಶಿಲೆ ಹಗುರ, ಸಾಗರತಳದ ಶಿಲೆ ಭಾರ, ಹಗುರವಾದದ್ದು ಭಾರವಾದದ್ದರೊಳಗೆ ಮುಳುಗಲಾರದು ಎಂದು ವೆಗೆನರ್ ಉತ್ತರಿಸಿದರು. ಬಲದ ಪ್ರಶ್ನೆಗೆ ಪೂರ್ಣ ಉತ್ತರ ತಮಗಿನ್ನೂ ಸಿಕ್ಕಿಲ್ಲವೆಂದು ಕೊನೆಯ ಆವೃತ್ತಿಯಲ್ಲಿ ತಾವೇ ಒಪ್ಪಿಕೊಂಡರು.

ಹೋದ ವಾರ ನಾನು ಕೊಟ್ಟ ಉತ್ತರ ತಪ್ಪು ಎಂದು ಇಲ್ಲಿ ತರಗತಿಗೆ ಹೇಳಿದೆ. ಹೇಳುವ ಮೊದಲು ಗಂಟಲು ಒಣಗಿತ್ತು. ಮಕ್ಕಳು ನಗಲಿಲ್ಲ. ಕೇಳಿದ ಹುಡುಗ ಮಾತ್ರ ಸ್ವಲ್ಪ ಯೋಚಿಸಿ, ಹಂತ ಬರೆಯದೆ ಬರೀ ಉತ್ತರ ಬರೆದರೆ ಗಣಿತದ ಸರ್ ಪೂರ್ತಿ ಅಂಕ ಕೊಡುವುದಿಲ್ಲ, ಇದೂ ಹಾಗೆಯೇ ಎಂದ. ನನ್ನ ಪಾಠಯೋಜನೆಯಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇರಲಿಲ್ಲ.

1924ರಲ್ಲಿ ವೆಗೆನರ್ ಆಸ್ಟ್ರಿಯದ ಗ್ರಾಜ್‌ನಲ್ಲಿ ಪ್ರಾಧ್ಯಾಪಕರಾದರು. ಮೂವರು ಹೆಣ್ಣುಮಕ್ಕಳು, ನೆಮ್ಮದಿಯ ಮನೆ. ಆದರೂ 1930ರಲ್ಲಿ ಗ್ರೀನ್‌ಲ್ಯಾಂಡಿಗೆ ದೊಡ್ಡ ತಂಡದ ನಾಯಕರಾಗಿ ಹೋದರು. ಪಶ್ಚಿಮ ತೀರ, ಪೂರ್ವ ತೀರ ಮತ್ತು ಹಿಮಹಾಸಿನ ನಡುಮಧ್ಯ, ಹೀಗೆ ಮೂರು ಕಡೆ ವರ್ಷಪೂರ್ತಿ ಹವಾಮಾನ ಅಳೆಯುವುದು, ಸ್ಫೋಟದ ಕಂಪನದ ಪ್ರತಿಧ್ವನಿಯಿಂದ ಹಿಮದ ದಪ್ಪ ಕಂಡುಹಿಡಿಯುವುದು ಉದ್ದೇಶ. ನಡುವಿನ ಕೇಂದ್ರದ ಹೆಸರು ಐಸ್‌ಮಿಟ್ಟೆ. ಪಶ್ಚಿಮ ತೀರದಿಂದ ಅಲ್ಲಿಗೆ 400 ಕಿಲೋಮೀಟರ್. ತುಮಕೂರಿನಿಂದ ಧಾರವಾಡ ದಾಟಿ ಬೆಳಗಾವಿಯ ಹತ್ತಿರ ಹೋದಷ್ಟು ಎಂದು ಮಕ್ಕಳಿಗೆ ಹೇಳಿದೆ. ಆದರೆ ರಸ್ತೆ ಇಲ್ಲ, ಊರಿಲ್ಲ, ಮರವಿಲ್ಲ.

ಕಡಲಿನ ಹಿಮ ಕರಗದೆ 38 ದಿನ ಆರಂಭದಲ್ಲೇ ವ್ಯರ್ಥವಾದವು. ಪ್ರೊಪೆಲರ್ ಇಂಜಿನ್ನಿನ ಜಾರುಬಂಡಿಗಳು ಹೊಸ ಹಿಮದಲ್ಲಿ ಹೂತು ನಿಂತವು. ಐಸ್‌ಮಿಟ್ಟೆಯಲ್ಲಿದ್ದ ಗೇಯೋರ್ಗಿ ಮತ್ತು ಸೋರ್ಗೆ ಇಬ್ಬರಿಗೂ ಚಳಿಗಾಲಕ್ಕೆ ಸಾಕಷ್ಟು ಇಂಧನವಿರಲಿಲ್ಲ. ಅಕ್ಟೋಬರ್ 20ರೊಳಗೆ ಸಾಮಾನು ಬಾರದಿದ್ದರೆ ಕಾಲ್ನಡಿಗೆಯಲ್ಲಿ ಹೊರಡುತ್ತೇವೆ ಎಂದು ಅವರು ಹೇಳಿಕಳುಹಿಸಿದ್ದರು. ಹೊರಟರೆ ದಾರಿಯಲ್ಲೇ ಸಾಯುತ್ತಾರೆಂದು ವೆಗೆನರ್ ಅವರಿಗೆ ಗೊತ್ತಿತ್ತು. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಲೋವೆ ಎಂಬ ವಿಜ್ಞಾನಿ ಮತ್ತು 13 ಮಂದಿ ಗ್ರೀನ್‌ಲ್ಯಾಂಡಿನವರೊಡನೆ ನಾಯಿಬಂಡಿಗಳಲ್ಲಿ ಹೊರಟರು. ಚಳಿ, ಹಿಮಗಾಳಿ ಹೆಚ್ಚಿದಂತೆ 12 ಮಂದಿ ಹಿಂತಿರುಗಿದರು. ಉಳಿದವರು ರಾಸ್ಮುಸ್ ವಿಲ್ಲುಮ್ಸೆನ್ ಎಂಬ ತರುಣರೊಬ್ಬರೇ. ಸಾಮಾನಿನ ಬಹುಪಾಲನ್ನು ದಾರಿಯಲ್ಲೇ ಬಿಟ್ಟು, ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿನ ಚಳಿಯಲ್ಲಿ, ಸುಮಾರು 40 ದಿನಗಳ ಮೇಲೆ ಅಕ್ಟೋಬರ್ 30ರಂದು ಮೂವರೂ ಐಸ್‌ಮಿಟ್ಟೆ ತಲುಪಿದರು. ಅಲ್ಲಿದ್ದ ಇಬ್ಬರು ಹೊರಟಿರಲಿಲ್ಲ. ಹಿಮದೊಳಗೆ ಗುಹೆ ಕೊರೆದುಕೊಂಡು ಇದ್ದುದರಲ್ಲೇ ಚಳಿಗಾಲ ಕಳೆಯಲು ನಿರ್ಧರಿಸಿದ್ದರು.

ಲೋವೆ ಅವರ ಕಾಲ್ಬೆರಳುಗಳು ಹೆಪ್ಪುಗಟ್ಟಿ ಸತ್ತಿದ್ದವು. ಸಂಗಡಿಗರು ಅರಿವಳಿಕೆಯಿಲ್ಲದೆ ಚಾಕುವಿನಿಂದಲೇ ಅವನ್ನು ತೆಗೆದರು. ಇದ್ದ ಆಹಾರ ಐವರಿಗೆ ಸಾಲದು. ನವೆಂಬರ್ 1ರಂದು, ತಮ್ಮ 50ನೇ ಹುಟ್ಟುಹಬ್ಬದ ದಿನ, ವೆಗೆನರ್ ಮತ್ತು ವಿಲ್ಲುಮ್ಸೆನ್ 17 ನಾಯಿಗಳೊಡನೆ ಪಶ್ಚಿಮಕ್ಕೆ ಮರಳಿ ಹೊರಟರು. ಆಮೇಲೆ ಅವರನ್ನು ಜೀವಂತ ಕಂಡವರಿಲ್ಲ.

1931ರ ಮೇ 12ರಂದು, ದಾರಿಯ ಸುಮಾರು ಅರ್ಧದಲ್ಲಿ, ಹಿಮದಲ್ಲಿ ನೇರ ನಿಲ್ಲಿಸಿದ್ದ ವೆಗೆನರ್ ಅವರ ಹಿಮಜಾರು ಪಟ್ಟಿಗಳ ಹತ್ತಿರ ಅಗೆದಾಗ ದೇಹ ಸಿಕ್ಕಿತು. ಮಲಗುವ ಚೀಲದ ಹೊದಿಕೆಯಲ್ಲಿ ಎಚ್ಚರಿಕೆಯಿಂದ ಹೊಲಿದು, ಕೆಳಗೆ ಚರ್ಮ ಹಾಸಿ ಹೂಳಲಾಗಿತ್ತು. ಹೃದಯ ನಿಂತು ಡೇರೆಯಲ್ಲೇ ಸತ್ತಿರಬೇಕೆಂದು ಊಹಿಸಿದರು. ಅಷ್ಟು ಚಳಿಯಲ್ಲಿ, ಒಬ್ಬಂಟಿಯಾಗಿ, ಈ ಕೆಲಸ ಮಾಡಿದವರು ವಿಲ್ಲುಮ್ಸೆನ್. ವೆಗೆನರ್ ಅವರ ದಿನಚರಿಯನ್ನು ತೆಗೆದುಕೊಂಡು ಮುಂದೆ ನಡೆದರು. ಅವರ ದೇಹವೂ ಆ ದಿನಚರಿಯೂ ಎಂದೂ ಸಿಗಲಿಲ್ಲ. ಐಸ್‌ಮಿಟ್ಟೆಯ ಮೂವರು ಚಳಿಗಾಲವಿಡೀ ಅಳತೆ ಬಿಡಲಿಲ್ಲ. ಅಣ್ಣ ಕುರ್ಟ್ ಬಂದು ತಂಡದ ಕೆಲಸವನ್ನು ಪೂರ್ಣಗೊಳಿಸಿದರು.

ಬಿಟ್ಟುಹೋದ ಹಂತ ತುಂಬಿದ್ದು ಮೂವತ್ತು ವರ್ಷಗಳ ನಂತರ. 1950ರ ದಶಕದಲ್ಲಿ ಶಿಲೆಗಳ ಕಾಂತತ್ವ ಅಳೆದಾಗ, ನಮ್ಮ ಉತ್ತರ ಕರ್ನಾಟಕಕ್ಕೂ ಹಬ್ಬಿರುವ ದಖ್ಖನ್ ಲಾವಾ ಶಿಲೆಗಳು ಭಾರತ ದಕ್ಷಿಣದಿಂದ ಬಂದದ್ದನ್ನು ಹೇಳಿದವು. 1960ರ ದಶಕದಲ್ಲಿ ಸಾಗರತಳವೇ ಹರಡುತ್ತದೆ ಎಂದು ಗೊತ್ತಾಯಿತು. ಖಂಡ ಸಾಗರತಳವನ್ನು ಸೀಳಿಕೊಂಡು ಹೋಗುವುದಿಲ್ಲ, ತಳದೊಡನೆ ಫಲಕವಾಗಿ ಸಾಗುತ್ತದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆಯಾಗುವ ಕಾಲದ ಲಾವಾ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿದ್ದ ನಾಲ್ಕು ಮಕ್ಕಳು ಕೈಯೆತ್ತಿದರು. ರಾಮನಗರದಿಂದ ನಮ್ಮ ಜಿಲ್ಲೆಯ ಮೂಲಕ ಉತ್ತರಕ್ಕೆ ಹೋಗುವ ಗ್ರಾನೈಟ್ ಬೆಟ್ಟಸಾಲಿಗೆ ಸುಮಾರು 250 ಕೋಟಿ ವರ್ಷ. ಆ ಇಡೀ ಪ್ರಯಾಣದಲ್ಲಿ ಅದು ಜೊತೆಗಿತ್ತು ಎಂದೆ.

ಪಾಠ ಮುಗಿದ ಮೇಲೆ ಹುಡುಗಿಯೊಬ್ಬಳು ಮೇಜಿನ ಬಳಿ ಬಂದಳು. ವೆಗೆನರ್ ಹೊರಟರು, ಸತ್ತರು ಎಂದಿರಿ, ವಿಲ್ಲುಮ್ಸೆನ್ ಹೂತ, ಹೋದ ಎಂದಿರಿ, ಯಾಕೆ ಎಂದು ಮೆಲ್ಲಗೆ ಕೇಳಿದಳು. ಕೊಡಲು ಉತ್ತರವಿರಲಿಲ್ಲ. ಈ ಸಲ ಉತ್ತರ ಕಟ್ಟಲೂ ಹೋಗಲಿಲ್ಲ. ತಪ್ಪಾಯಿತು ಎಂದೆ. ಈ ಬರಹದಲ್ಲಿ ಅದನ್ನು ತಿದ್ದಿಕೊಂಡಿದ್ದೇನೆ.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ವಿಜ್ಞಾನಿಯ ಜೀವನಕಥೆ ಹೇಳುವಾಗ ವಿರೋಧಿಗಳನ್ನು ದಡ್ಡರನ್ನಾಗಿ ಮಾಡಬೇಡಿ, ಅವರು ಕೇಳಿದ ಪ್ರಶ್ನೆಯನ್ನೂ ಪಾಠಯೋಜನೆಯಲ್ಲಿ ಬರೆದುಕೊಳ್ಳಿ. ಜೊತೆಗೆ ನಡೆದವರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ತಪ್ಪು ಉತ್ತರ ಕೊಟ್ಟಿದ್ದರೆ ಮುಂದಿನ ಪಾಠವನ್ನು ಅದರಿಂದಲೇ ಆರಂಭಿಸಿ. ಎರಡನೇ ಪಾಠದಲ್ಲಿ ಸಮಯ ಮೀರಿತು, ಮೌಲ್ಯಮಾಪನದ ಎರಡು ಪ್ರಶ್ನೆ ಉಳಿದವು. ಅದಕ್ಕೆ ಅಂಕ ಕಡಿಮೆಯಾಯಿತು, ಅದು ನ್ಯಾಯವೇ.