ಓರೆ ಅಕ್ಷರದ ಒಡೆಯ ಯಾರು?

ಕಂಪ್ಯೂಟರಿನಲ್ಲಿ ಇಂಗ್ಲಿಷ್ ಪದವೊಂದನ್ನು ದಪ್ಪವಾಗಿಸಿ, ಓರೆಯಾಗಿಸಲು ಎರಡು ಗುಂಡಿ ಒತ್ತಿದರೆ ಸಾಕು. ಕರಾರುಪತ್ರದ ಎಚ್ಚರಿಕೆಗೆ, ಲೇಖನದ ಉಪಶೀರ್ಷಿಕೆಗೆ, ಜಾಹೀರಾತಿನ ಘೋಷಣೆಗೆ ಅದು ಒದಗುತ್ತದೆ. ಸಾಲಿನ ನಡುವೆ ದನಿ ಏರಿಸಿ ಮಾತನಾಡುವುದು ಈ ದಪ್ಪ ಇಟಾಲಿಕ್ ಅಕ್ಷರದ ಸ್ವಭಾವ. ಆದರೆ ಓರೆ ಅಕ್ಷರ ಹುಟ್ಟಿದ್ದು ಗದರುವುದಕ್ಕಲ್ಲ. ಪುಸ್ತಕವನ್ನು ಓದುಗನ ಅಂಗೈಗೆ ತಲುಪಿಸುವುದಕ್ಕೆ. ಆ ಕಥೆ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಬದುಕಿನ ಕಥೆಯೂ ಹೌದು.

ರೋಮ್ ಸಮೀಪದ ಬಾಸ್ಸಿಯಾನೊದಲ್ಲಿ 15ನೇ ಶತಮಾನದ ಮಧ್ಯಭಾಗದಲ್ಲಿ ಜನಿಸಿದ ಆಲ್ಡಸ್, ಮೂಲತಃ ಅಧ್ಯಾಪಕ. ಕಾರ್ಪಿಯ ರಾಜಕುಮಾರರಿಗೆ ಪಾಠ ಹೇಳುತ್ತಿದ್ದವನು ನಲವತ್ತರ ಆಸುಪಾಸಿನಲ್ಲಿ ವೆನಿಸ್‌ಗೆ ಬಂದು ಮುದ್ರಣಕ್ಕೆ ಕೈಹಾಕಿದ. 1495ರಿಂದ 1498ರ ನಡುವೆ ಅರಿಸ್ಟಾಟಲನ ಕೃತಿಗಳನ್ನು ಮೂಲ ಗ್ರೀಕ್‌ನಲ್ಲಿ ಐದು ಬೃಹತ್ ಸಂಪುಟಗಳಾಗಿ ಹೊರತಂದ. ಮೇಜಿನ ಮೇಲಿಟ್ಟು ಓದಬೇಕಾದ ಗ್ರಂಥಗಳವು. 1501ರಲ್ಲಿ ವರ್ಜಿಲ್‌ನ ಕಾವ್ಯವನ್ನು ಕೈಯಲ್ಲಿ ಹಿಡಿದು ಓದಬಹುದಾದ ಕಿರುಗಾತ್ರದಲ್ಲಿ ಅಚ್ಚು ಹಾಕಿದ. ಅದರ ಪಠ್ಯವೆಲ್ಲ ಓರೆ ಅಕ್ಷರದಲ್ಲಿತ್ತು. ಅಂದಿನ ವಿದ್ವಾಂಸರ ವೇಗದ ಕೈಬರಹವೇ ಅದಕ್ಕೆ ಮಾದರಿ. ಕ್ಯಾಪಿಟಲ್ ಅಕ್ಷರಗಳು ಮಾತ್ರ ನೆಟ್ಟಗೆ ನಿಂತಿದ್ದವು.

ಉಕ್ಕಿನ ಕಡ್ಡಿಯ ತುದಿಯಲ್ಲಿ ಒಂದೊಂದೇ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಿ ಆ ಅಚ್ಚುಮೊಳೆಗಳಿಗೆ ರೂಪ ಕೊಟ್ಟವನು ಬೊಲೊನ್ಯದ ಕುಶಲಕರ್ಮಿ ಫ್ರಾಂಚೆಸ್ಕೊ ಗ್ರಿಫೊ. ವರ್ಜಿಲ್ ಪುಸ್ತಕದ ಆರಂಭದಲ್ಲೇ ಆಲ್ಡಸ್ ಆತನ ಕೈಚಳಕವನ್ನು ಹೊಗಳಿದ್ದ. ಆದರೆ 1502ರಲ್ಲಿ ವೆನಿಸ್‌ನ ಸೆನೆಟ್ ಈ ಅಕ್ಷರದ ಏಕಸ್ವಾಮ್ಯ ನೀಡಿದ್ದು ಆಲ್ಡಸ್‌ಗೆ. ಇಬ್ಬರ ದಾರಿ ಬೇರೆಯಾಯಿತು. ಫಾನೊ ಪಟ್ಟಣದ ಮುದ್ರಕ ಸೊನ್ಚಿನೊನೊಂದಿಗೆ ಗ್ರಿಫೊ ಕೆಲಸಕ್ಕೆ ಸೇರಿದ. ಓರೆ ಅಕ್ಷರದ ನಿಜವಾದ ಕರ್ತೃ ಗ್ರಿಫೊ ಎಂದು ಸೊನ್ಚಿನೊ 1503ರ ತನ್ನ ಪ್ರಕಟಣೆಯಲ್ಲಿ ಸಾರಿದ.

ಏಕಸ್ವಾಮ್ಯ ಆಲ್ಡಸ್‌ನನ್ನೂ ಕಾಯಲಿಲ್ಲ. ಫ್ರಾನ್ಸ್‌ನ ಲಿಯೋನ್‌ನ ಮುದ್ರಕರು ಅವನ ಪುಸ್ತಕಗಳನ್ನು ಅಕ್ಷರಸಮೇತ ನಕಲು ಮಾಡಿದರು. ಕೆರಳಿದ ಆಲ್ಡಸ್, ನಕಲಿ ಪ್ರತಿಗಳನ್ನು ಗುರುತಿಸುವಂತೆ ಅವುಗಳಲ್ಲಿದ್ದ ತಪ್ಪುಗಳ ಪಟ್ಟಿಯನ್ನು 1503ರಲ್ಲಿ ಹೊರಡಿಸಿದ. ನಕಲುಗಾರರು ಅದನ್ನೇ ನೋಡಿಕೊಂಡು ತಮ್ಮ ತಪ್ಪು ತಿದ್ದಿಕೊಂಡರು!

1515ರ ಫೆಬ್ರುವರಿಯಲ್ಲಿ ಆಲ್ಡಸ್ ತೀರಿಕೊಂಡ. ಮರುವರ್ಷ ಬೊಲೊನ್ಯದಲ್ಲಿ ಗ್ರಿಫೊ ತನ್ನದೇ ಕಿರುಪುಸ್ತಕಗಳನ್ನು ಪ್ರಕಟಿಸಿದ. ಅಳಿಯನ ಕೊಲೆಯ ಆರೋಪ ಹೊತ್ತು ಚರಿತ್ರೆಯಿಂದ ಮರೆಯಾದ. ಅಕ್ಷರ ಮಾತ್ರ ಉಳಿಯಿತು. ಕ್ರಮೇಣ ಕ್ಯಾಪಿಟಲ್‌ಗಳೂ ಓರೆಯಾದವು; ಪಠ್ಯದ ಅಕ್ಷರವಾಗಿದ್ದದ್ದು ಒತ್ತಿ ಹೇಳುವ ಅಕ್ಷರವಾಯಿತು. 19ನೇ ಶತಮಾನದಲ್ಲಿ ಜಾಹೀರಾತಿನ ಭರಾಟೆ ದಪ್ಪ ಅಕ್ಷರಗಳನ್ನು ತಂದಿತು.

ಗ್ರಿಫೊ 1490ರ ದಶಕದಲ್ಲಿ ಕೆತ್ತಿದ ನೆಟ್ಟಗಿನ ಸೆರಿಫ್ ಅಕ್ಷರವನ್ನು ಮಾನೊಟೈಪ್ ಸಂಸ್ಥೆ 1929ರಲ್ಲಿ ಪುನರುಜ್ಜೀವನಗೊಳಿಸಿತು. ಅದಕ್ಕಿಟ್ಟ ಹೆಸರು ‘ಬೆಂಬೊ’: ಆ ಅಕ್ಷರದಲ್ಲಿ ಅಚ್ಚಾದ ಪುಸ್ತಕದ ಲೇಖಕನದು. ಓರೆ ಅಕ್ಷರವಂತೂ ಹುಟ್ಟಿದ ದೇಶದ ಹೆಸರಿನಲ್ಲಿ ಇಟಾಲಿಕ್ ಆಯಿತು. ಸೆನೆಟ್‌ನ ಮುದ್ರೆ ಪಡೆದವನ ಹೆಸರೂ ಅದರಲ್ಲಿಲ್ಲ, ಉಕ್ಕು ಕೆತ್ತಿದವನ ಹೆಸರೂ ಇಲ್ಲ. ಬಳಸುವವರೆಲ್ಲರದ್ದಾದ ವಸ್ತುವಿಗೆ ಒಡೆಯನಿಲ್ಲದಿರುವುದು ಸರಿಯೇ. ಆದರೆ ಅದನ್ನು ಮಾಡಿದ ಕೈಗಳ ಋಣ ಅದರಿಂದ ತೀರುವುದಿಲ್ಲ.