ಕುಮಾರ ಗಂಧರ್ವರನ್ನು ಟಿಬಿಯಿಂದ ಉಳಿಸಿದ್ದು ದೇವಾಸ್‌ನ ಹವೆಯೇ?

ಪಂಡಿತ್ ಕುಮಾರ ಗಂಧರ್ವರ ವಿಷಯ ಬಂದಾಗ ಎರಡು ಮಾತು ಕೇಳಿಬರುತ್ತವೆ. ಒಂದೇ ಶ್ವಾಸಕೋಶದ ಬಲದಲ್ಲಿ ಹಾಡಿದರು ಎಂಬುದು ಒಂದು. ದೇವಾಸ್‌ನ ಒಣಹವೆ ಅವರ ಟಿಬಿಯನ್ನು ವಾಸಿ ಮಾಡಿತು ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದನ್ನು ಫಾರ್ವರ್ಡ್ ಮಾಡುವ ಮುನ್ನ ಅವರ ಬದುಕನ್ನೊಮ್ಮೆ ನೋಡೋಣ.

ಅವರು ವಿಜಯಪುರದ ಪಕ್ಕದ ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಮೂಲ ಹೆಸರು ಶಿವಪುತ್ರಯ್ಯ. ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಈ ಹುಡುಗನಿಗೆ ಮಠದ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂಬ ಬಿರುದು ಕೊಟ್ಟರು. ಅದೇ ಹೆಸರಾಗಿ ಉಳಿಯಿತು. ಮುಂದೆ ಮುಂಬೈಯಲ್ಲಿ ಬಿ. ಆರ್. ದೇವಧರ್ ಅವರ ಬಳಿ ಕಲಿತರು. 1947ರಲ್ಲಿ ಭಾನುಮತಿಯವರನ್ನು ಮದುವೆಯಾದರು.

ಆ ಹೊತ್ತಿಗೇ ಟಿಬಿ ಬಂತು. ಹಾಡಿದರೆ ಜೀವಕ್ಕೇ ಅಪಾಯ ಎಂದರು ವೈದ್ಯರು. ಒಣಹವೆಯ ಊರಿಗೆ ಹೋಗಿ ಎಂಬ ಸಲಹೆಯಂತೆ ದಂಪತಿ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ಹಾಡುವುದೇ ಬದುಕಾಗಿದ್ದ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಯುವಕ ವರ್ಷಗಟ್ಟಲೆ ಮೌನವಾಗಿ ಮಲಗಬೇಕಾಯಿತು. ಭಾನುಮತಿಯವರು ಆರೈಕೆ ಮಾಡಿದರು. ಹಾಸಿಗೆಯಲ್ಲಿದ್ದಾಗ ಕಿವಿಗೆ ಬಿದ್ದ ಮಾಳವದ ಜನಪದ ಹಾಡುಗಳು ಮುಂದೆ ಅವರ ಸಂಗೀತಕ್ಕೇ ಬೇರಾದವು.

ಆದರೆ ಅಷ್ಟು ವರ್ಷ ಹವೆ ಬದಲಿಸಿದರೂ ರೋಗ ಬಿಟ್ಟಿರಲಿಲ್ಲ. ಅವರು ಚೇತರಿಸಿಕೊಂಡಿದ್ದು 1952ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕ ಮೇಲೆ. 1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಕಂಡುಹಿಡಿದ ಔಷಧಿ ಅದು, ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಅದೊಂದನ್ನೇ ಕೊಟ್ಟರೆ ಟಿಬಿ ಬ್ಯಾಕ್ಟೀರಿಯಾ ಬೇಗ ಜಗ್ಗದಂತಾಗುತ್ತದೆ. ಈಗ ಹಲವು ಔಷಧಿಗಳನ್ನು ಒಟ್ಟಿಗೆ, ಸಾಮಾನ್ಯವಾಗಿ ಆರು ತಿಂಗಳು ಕೊಡುವುದು ಅದಕ್ಕೇ.

ಹವೆಯ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನದಲ್ಲಿ ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿಟ್ಟು, ಉಳಿದವರನ್ನು ಇಕ್ಕಟ್ಟಾದ ಬಡ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಔಷಧಿ ಕೊಟ್ಟರು. ಸ್ಯಾನಟೋರಿಯಂನವರಿಗೆ ಊಟ, ವಿಶ್ರಾಂತಿ ಎರಡೂ ಚೆನ್ನಾಗಿದ್ದವು. ಆದರೂ 1959ರಲ್ಲಿ ಬಂದ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ತಿಕೋಟಾ ಕಡೆಯ ಹಿರಿಯರು ಇವತ್ತಿಗೂ ಕೆಮ್ಮು ಹಿಡಿದವರಿಗೆ ಹವಾ ಬದಲಿಸಲು ಹೇಳುತ್ತಾರೆ. ಬದಲಿಸಲಿ, ಗುಳಿಗೆ ಮಾತ್ರ ಬಿಡಬಾರದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಎಕ್ಸ್‌ರೇಯಲ್ಲಿ ಬಿಳಿ ನೆರಳು ಕಂಡ ಕೂಡಲೇ ಟಿಬಿ ಅಂದುಕೊಳ್ಳುತ್ತೇವೆ. ಬಬಲೇಶ್ವರದಿಂದ ವಿಜಯಪುರಕ್ಕೆ ಬಂದು ಫಿಲ್ಮ್ ತೆಗೆಸಿದವರಲ್ಲಿ ಅದು ಸಾರ್ಕಾಯಿಡೋಸಿಸ್ ಕೂಡ ಆಗಿರಬಹುದು. ಇದು ಅಂಟುರೋಗವಲ್ಲ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ಕೆಲವರಿಗೆ ಕಣ್ಣು ಕೆಂಪು, ಮೊಣಕಾಲಿನ ಕೆಳಗೆ ನೋಯುವ ಕೆಂಪು ಗಂಟು. ಎರಡೂ ಶ್ವಾಸಕೋಶದ ಬುಡದ ದುಗ್ಧಗ್ರಂಥಿಗಳು ಸರಿಸಮವಾಗಿ ಊದಿರುವುದು ಇದರ ದೊಡ್ಡ ಸುಳಿವು. ಸಿ.ಟಿ. ಸ್ಕ್ಯಾನ್‌ನಲ್ಲಿ ಶ್ವಾಸನಾಳಗಳ ಗುಂಟ ಸಣ್ಣ ಕಾಳಿನಂಥ ಚುಕ್ಕೆಗಳು ಕಾಣುತ್ತವೆ. ಟಿಬಿಯಲ್ಲಿ ಗ್ರಂಥಿಗಳು ಹೆಚ್ಚಾಗಿ ಒಂದೇ ಬದಿ ಊದುತ್ತವೆ, ನಡುಭಾಗ ಕೊಳೆತಿರುತ್ತದೆ, ಶ್ವಾಸಕೋಶದಲ್ಲಿ ಪೊಳ್ಳು ಬೀಳಬಹುದು. ಆದರೂ ಚಿತ್ರವೊಂದೇ ಸಾಲದು. ಕಫ ಪರೀಕ್ಷೆ ಬೇಕು, ಬೇಕಾದರೆ ಬಯಾಪ್ಸಿ. ಸಾರ್ಕಾಯಿಡೋಸಿಸ್ ಅನೇಕರಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಲವರಿಗೆ ಸ್ಟೀರಾಯ್ಡ್ ಬೇಕು. ಅದೇ ಸ್ಟೀರಾಯ್ಡನ್ನು ಟಿಬಿ ಇದ್ದವರಿಗೆ ಟಿಬಿ ಔಷಧಿಯಿಲ್ಲದೆ ಕೊಟ್ಟರೆ ರೋಗ ಕೆರಳುತ್ತದೆ.

ಮತ್ತೆ ದೇವಾಸ್‌ಗೆ ಬರೋಣ. ಟಿಬಿ ಹೋಯಿತು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹಾಳಾದ ಭಾಗವನ್ನು ಮರಳಿ ಕೊಡುವುದಿಲ್ಲ. 1953ರಲ್ಲಿ ಕುಮಾರರು ಮತ್ತೆ ವೇದಿಕೆ ಹತ್ತಿದರು. ಅವರ ಚಿಕ್ಕ ಚಿಕ್ಕ ಸ್ವರಗುಚ್ಛಗಳಿಗೆ ಉಸಿರಿನ ಕೊರತೆಯೇ ಕಾರಣ ಅನ್ನುವವರಿದ್ದಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಜನಪದ ಧುನ್‌ಗಳಿಂದ ಹೊಸ ರಾಗ ಕಟ್ಟಿದ ಮನುಷ್ಯನ ಕಲೆಯನ್ನು ಬರೀ ಎಕ್ಸ್‌ರೇಯಿಂದ ಅಳೆಯಲಾಗದು.

1961ರಲ್ಲಿ ಭಾನುಮತಿಯವರು ಹೆರಿಗೆಯಲ್ಲಿ ತೀರಿಕೊಂಡರು. ಮುಂದೆ ಮದುವೆಯಾದ ವಸುಂಧರಾ ಅವರು ವೇದಿಕೆಯಲ್ಲೂ ಜೊತೆಗೆ ಹಾಡಿದರು. ಕುಮಾರರಿಗೆ 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸ್‌ನಲ್ಲೇ ತೀರಿಕೊಂಡಾಗ ಅವರಿಗೆ 67 ವರ್ಷ. ಮತ್ತೆ ಹಾಡಲು ಶುರುಮಾಡಿ ಸುಮಾರು ನಲವತ್ತು ವರ್ಷವಾಗಿತ್ತು.